ಎರಡು ಹೆರಿಗೆಗಳ ನಡುವಣ ಅವಧಿ

ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳ ಹಳ್ಳಿಗಳಲ್ಲಿಯೂ ತಾಂಡಾಗಳಲ್ಲಿಯೂ ಕುಟುಂಬ ಯೋಜನೆಯೆಂಬ ಮಾತಿಗೆ ಜನರು ಬಲ್ಲ ಅರ್ಥವು ಒಂದೇ, ಅದು 'ಆಪರೇಷನ್'. ಎರಡೋ ಮೂರೋ ಮಕ್ಕಳಾದ ಮೇಲೆ ಹೆಣ್ಣುಮಗಳನ್ನು ತಾಲೂಕು ದವಾಖಾನೆಗೆ ಕರೆದೊಯ್ದು ಶಸ್ತ್ರಕ್ರಿಯೆ ಮಾಡಿಸಿ ಮನೆಗೆ ತಂದುಬಿಟ್ಟರೆ ಅತ್ತೆಯ ಕರ್ತವ್ಯವೂ ಗಂಡನ ಕರ್ತವ್ಯವೂ ಸರಕಾರದ ಕರ್ತವ್ಯವೂ ಒಟ್ಟಿಗೆ ಮುಗಿದಂತೆ. ಆ ಮಕ್ಕಳು ಎಷ್ಟು ವರ್ಷಗಳೊಳಗೆ ಹುಟ್ಟಿದವು, ಒಂದರ ಬೆನ್ನಿಗೆ ಇನ್ನೊಂದನ್ನು ಹೆರುವಾಗ ಆ ತಾಯಿಯ ದೇಹಕ್ಕೆ ವಿಶ್ರಾಂತಿಯೆಂಬುದು ದೊರೆಯಿತೇ ಇಲ್ಲವೇ ಎಂದು ವಿಚಾರಿಸುವವರು ವಿರಳ. ಈ ಪ್ರಶ್ನೆಯ ಕಡೆಗೆ ಅಧಿಕಾರಿಗಳ ಮತ್ತು ಪಟ್ಟಣದ ತಿಳಿದವರ ಲಕ್ಷ್ಯವನ್ನು ಸೆಳೆಯುವುದು ಇಂದಿನ ನಮ್ಮ ಉದ್ದೇಶ.

ಜನಸಂಖ್ಯೆ ಮಿತಿಮೀರಿತೆಂಬ ಹಳೆಯ ಕೂಗು ನಮ್ಮ ನಾಡಿಗೆ ಈಗ ಒಪ್ಪುವುದಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಒಬ್ಬ ಸ್ತ್ರೀಗೆ ಸರಾಸರಿ 1.7 ಮಕ್ಕಳು. ಆದರೆ ಅದೇ ಸಮೀಕ್ಷೆಯು ಇನ್ನೆರಡು ಸಂಗತಿಗಳನ್ನು ಹೇಳುತ್ತದೆ. ವಿವಾಹಿತ ಸ್ತ್ರೀಯರಲ್ಲಿ ನೂರಕ್ಕೆ 57 ಮಂದಿ ಶಸ್ತ್ರಕ್ರಿಯೆ ಮಾಡಿಸಿಕೊಂಡವರು. ಗಂಡಸರ ಶಸ್ತ್ರಕ್ರಿಯೆಯೋ ಲೆಕ್ಕಕ್ಕೆ ಸಿಗದಷ್ಟು ಅಲ್ಪ. ನಮ್ಮ ಸ್ತ್ರೀಯರಲ್ಲಿ ಹೆಚ್ಚು ಕಡಿಮೆ ಅರ್ಧದಷ್ಟು ಜನರು ರಕ್ತಹೀನತೆಯಿಂದ ಬಳಲುತ್ತಿರುವರು. ಮಕ್ಕಳ ಸಂಖ್ಯೆ ಇಳಿಯಿತು. ತಾಯಿಯ ಮೈಯಲ್ಲಿ ರಕ್ತವು ಏರಲಿಲ್ಲ. ಇದನ್ನು ಜಯವೆಂದು ಸಾರುವ ವರದಿಗಳನ್ನು ಓದಿದಾಗ ನಮಗೆ ವಿಷಾದವಾಗುತ್ತದೆ.

ವಿಶ್ವ ಆರೋಗ್ಯ ಸಂಸ್ಥೆಯ ಅಭಿಪ್ರಾಯದಂತೆ ಒಂದು ಹೆರಿಗೆಯಾದ ಮೇಲೆ ಮುಂದಿನ ಗರ್ಭಕ್ಕೆ ಕನಿಷ್ಠ 24 ತಿಂಗಳ ಅಂತರವಿರಬೇಕು. ಗರ್ಭಪಾತವಾಗಿದ್ದರೆ ಕನಿಷ್ಠ 6 ತಿಂಗಳು. ಎಂದರೆ ಎರಡು ಮಕ್ಕಳ ನಡುವೆ ಮೂರು ವರ್ಷಗಳ ಸುಮಾರು ಅಂತರ. ಬಸಿರು ಮತ್ತು ಮೊಲೆಯೂಡಿಸುವಿಕೆಯಿಂದ ಬರಿದಾದ ದೇಹವು ಕಬ್ಬಿಣಾಂಶವನ್ನೂ ಪುಷ್ಟಿಯನ್ನೂ ತಿರುಗಿ ಕೂಡಿಸಿಕೊಳ್ಳಲು ಅಷ್ಟು ಕಾಲ ಬೇಕು. ಅದಕ್ಕೆ ಮೊದಲೇ ಬಸಿರಾದರೆ ದಿನ ತುಂಬದ ಹೆರಿಗೆ, ತೂಕವಿಲ್ಲದ ಕೂಸು, ತಾಯಿಗೆ ರಕ್ತಸ್ರಾವವನ್ನು ತಡೆದುಕೊಳ್ಳುವ ಶಕ್ತಿಯಿಲ್ಲದಿರುವುದು ಇವುಗಳ ಭಯ ಹೆಚ್ಚು. ಎಳೆಗೂಸು ಮೊಲೆಹಾಲನ್ನು ಬೇಗನೆ ಕಳೆದುಕೊಳ್ಳುವ ಕಷ್ಟ ಬೇರೆ.

ನಮ್ಮ ಹಿರಿಯರಿಗೆ ಇದು ತಿಳಿಯದ ಸಂಗತಿಯಾಗಿರಲಿಲ್ಲ. ಚೊಚ್ಚಲ ಹೆರಿಗೆಗೆ ಮಗಳನ್ನು ತವರಿಗೆ ಕರೆತಂದು, ಬಾಣಂತನ ಮುಗಿಸಿ, ಕೂಸು ಕುತ್ತಿಗೆ ನಿಲ್ಲಿಸಿದ ಮೇಲೆ ತೊಟ್ಟಿಲು ಸಮೇತ ಕಳುಹಿಸುತ್ತಿದ್ದರು. ಆ ಪದ್ಧತಿಯಲ್ಲಿ ಮಮತೆಯೂ ಇತ್ತು, ಅಂತರವೂ ಇತ್ತು. ಈಗ ಕೂಲಿಯ ಅವಸರದಲ್ಲಿ ಆ ಅವಧಿಯು ಕುಗ್ಗುತ್ತಿದೆ. "ಕೂಸು ಹಾಲು ಕುಡಿಯುವ ತನಕ ಬಸಿರು ನಿಲ್ಲದು" ಎಂಬ ನಂಬಿಕೆ ಮಾತ್ರ ಕುಗ್ಗದೆ ಉಳಿದಿದೆ. ಈ ನಂಬಿಕೆ ಅರ್ಧ ಸತ್ಯ. ಕೂಸಿಗೆ ಆರು ತಿಂಗಳು ತುಂಬದೆ, ಹಗಲಿರುಳು ಮೊಲೆಹಾಲಲ್ಲದೆ ಬೇರೇನನ್ನೂ ಕೊಡದೆ, ತಾಯಿಗೆ ಮುಟ್ಟು ಮರಳದೆ ಇರುವಾಗ ಮಾತ್ರ ಅದು ನಿಜ. ಮೂರರಲ್ಲಿ ಒಂದು ತಪ್ಪಿದರೂ ರಕ್ಷಣೆ ತಪ್ಪಿತು.

ಉಪಾಯಗಳಿಗೆ ಕೊರತೆಯಿಲ್ಲ. ಹೆರಿಗೆಯಾದ 48 ಗಂಟೆಗಳೊಳಗೆ ದವಾಖಾನೆಯಲ್ಲಿಯೇ ಕಾಪರ್-ಟಿ ತೊಡಿಸಬಹುದು, ಬೇಕಾದಾಗ ತೆಗೆಸಬಹುದು. 2017ರಲ್ಲಿ ಕೇಂದ್ರ ಸರಕಾರವು 'ಅಂತರಾ' ಎಂಬ ಚುಚ್ಚುಮದ್ದನ್ನೂ 'ಛಾಯಾ' ಎಂಬ ಗುಳಿಗೆಯನ್ನೂ ಉಚಿತವಾಗಿ ಒದಗಿಸತೊಡಗಿತು. ಅಂತರಾ ಮೂರು ತಿಂಗಳಿಗೊಮ್ಮೆ. ಹಾಲೂಡಿಸುವ ತಾಯಿ ಹೆರಿಗೆಯಾಗಿ ಆರು ವಾರ ಕಳೆದ ಮೇಲೆ ತೆಗೆದುಕೊಳ್ಳಬಹುದು. ಛಾಯಾ ಮೊದಲ ಮೂರು ತಿಂಗಳು ವಾರಕ್ಕೆರಡು, ಅನಂತರ ವಾರಕ್ಕೊಂದು, ಹಾಲಿಗೆ ಬಾಧೆಯಿಲ್ಲ. ಆದರೆ ಅಂತರಾ ತೆಗೆದುಕೊಂಡವರಿಗೆ ಮುಟ್ಟು ಏರುಪೇರಾಗುವುದುಂಟು, ಕೆಲವರಿಗೆ ನಿಂತೇ ಹೋಗುವುದುಂಟು. ಬಿಟ್ಟ ಮೇಲೆ ಬಸಿರು ನಿಲ್ಲಲು ಕೆಲವು ತಿಂಗಳು ತಡವಾಗುವುದುಂಟು. ಇದನ್ನು ಮೊದಲೇ ಬಾಯಿಬಿಟ್ಟು ಹೇಳದ ದಾದಿಯು ಮದ್ದನ್ನು ಕೊಟ್ಟರೂ ಕೊಡದಂತೆಯೇ. ಹೆದರಿದ ಹೆಣ್ಣುಮಗಳು ಎರಡನೆಯ ಸಲ ಬರುವುದಿಲ್ಲ. ಅವಳ ಮಾತು ಕೇಳಿ ಓಣಿಯ ಇನ್ನು ಹತ್ತು ಮಂದಿಯೂ ಬರುವುದಿಲ್ಲ.

ಧರ್ಮದ ದೃಷ್ಟಿಯಿಂದ ಆಕ್ಷೇಪಿಸುವವರಿಗೆ ಒಂದು ಮಾತು. ಮೈಸೂರು ಸಂಸ್ಥಾನದ ಸರಕಾರವು 1930ರಲ್ಲಿಯೇ ತನ್ನ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣದ ಸಲಹೆ ನೀಡುವ ಏರ್ಪಾಡು ಮಾಡಿತು. ಆಗ ಧರ್ಮವೇನೂ ಕೆಡಲಿಲ್ಲ. ನಮ್ಮ ಈ ತಾಲೂಕುಗಳು 1948ರ ವರೆಗೆ ನಿಜಾಮರ ಆಳಿಕೆಯಲ್ಲಿದ್ದು, 1956ರಲ್ಲಿ ಮೈಸೂರು ರಾಜ್ಯವನ್ನು ಸೇರಿದವು. ಹಿಂದುಳಿದ ಆ ಲೆಕ್ಕವು ಇನ್ನೂ ತೀರಿಲ್ಲ. 1935ರಲ್ಲಿ ಮಾರ್ಗರೇಟ್ ಸ್ಯಾಂಗರರು ವಾರ್ಧಾಕ್ಕೆ ಬಂದು ವಾದಿಸಿದಾಗ ಮಹಾತ್ಮರು ಸಂಯಮದ ಮಾರ್ಗವನ್ನೇ ಹಿಡಿದರು. ಅವರಲ್ಲಿ ನಮಗಿರುವ ಪೂಜ್ಯಭಾವ ಅಲ್ಪವಲ್ಲ. ಆದರೂ ಸಂಯಮವು ಗಂಡನ ಕೈಯಲ್ಲಿರುವ ವಸ್ತು. ಅದು ತಪ್ಪಿದಾಗ ಪ್ರಾಣಭಯವು ಹೆಂಡತಿಗೆ. ಈ ಅನ್ಯಾಯಕ್ಕೆ ಸಂಯಮದ ಉಪದೇಶವೊಂದೇ ಉತ್ತರವಾಗಲಾರದು.

ಬಲಾತ್ಕಾರವನ್ನು ನಾವು ಸರ್ವಥಾ ಬೆಂಬಲಿಸುವುದಿಲ್ಲ. 1975-77ರ ತುರ್ತುಪರಿಸ್ಥಿತಿಯಲ್ಲಿ ಗಂಡಸರನ್ನು ಹಿಡಿದೆಳೆದು ಮಾಡಿದ ಶಸ್ತ್ರಕ್ರಿಯೆಗಳ ಭೀತಿಯಿಂದಲೇ ಆ ಭಾರವೆಲ್ಲವೂ ಹೆಂಗಸರ ಮೇಲೆ ಬಿದ್ದಿತು. 2014ರಲ್ಲಿ ಛತ್ತೀಸಗಢದ ಬಿಲಾಸಪುರದ ಶಿಬಿರಗಳಲ್ಲಿ ಶಸ್ತ್ರಕ್ರಿಯೆಯಾದ ಹೆಂಗಸರು ಸತ್ತರು. 2016ರಲ್ಲಿ ಸರ್ವೋಚ್ಚ ನ್ಯಾಯಾಲಯವು ಇಂತಹ ಶಿಬಿರಗಳನ್ನೇ ನಿಲ್ಲಿಸಬೇಕೆಂದು ಆಜ್ಞಾಪಿಸಿತು. ದೂರದ ಮಾತೇಕೆ? ನಮ್ಮ ಕಲಬುರಗಿ ಜಿಲ್ಲೆಯ ತಾಂಡಾಗಳಲ್ಲಿಯೇ ಬಿಳಿಸೆರಗು, ಸೊಂಟನೋವೆಂದು ಖಾಸಗಿ ದವಾಖಾನೆಗಳಿಗೆ ಹೋದ ಲಂಬಾಣಿ ಮತ್ತು ದಲಿತ ಹೆಣ್ಣುಮಕ್ಕಳ ಗರ್ಭಕೋಶವನ್ನು ಅನವಶ್ಯಕವಾಗಿ ಕಿತ್ತುಹಾಕಿದ ಸಂಗತಿಯು 2015ರಲ್ಲಿ ಬಯಲಿಗೆ ಬಂದಿತು. ಹದಿಹರೆಯದಲ್ಲಿ ಮದುವೆ, ಮೇಲಿಂದ ಮೇಲೆ ಹೆರಿಗೆ, ಇಪ್ಪತ್ತೈದರೊಳಗೆ ಆಪರೇಷನ್, ಮೂವತ್ತೈದಕ್ಕೆ ಗರ್ಭಕೋಶವೇ ಇಲ್ಲ! ಕತ್ತರಿಯ ಹೊರತು ವೈದ್ಯವನ್ನೇ ಕಾಣದ ಬಾಳು ಇದು. ನಡುವಣ ವರ್ಷಗಳಲ್ಲಿ ಒಬ್ಬ ದಾದಿಯು ಅವಳ ಮನೆಯ ಹೊಸ್ತಿಲಿಗೆ ಬಂದು ಕೇಳಿದ್ದರೆ ಎಷ್ಟೋ ಅನರ್ಥ ತಪ್ಪುತ್ತಿದ್ದಿತು.

ಇನ್ನು ಗುಳೆಯ ವಿಚಾರ. ದಸರೆ ದೀಪಾವಳಿ ಕಳೆದೊಡನೆ ಮುಕ್ಕದಮನಿಂದ ಮುಂಗಡ ಪಡೆದ ಕುಟುಂಬಗಳು ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ ಹೊರಡುವವು. ಇನ್ನು ಕೆಲವರು ಪುಣೆ ಮುಂಬಯಿಗಳಿಗೆ. ಮೂರು ತಿಂಗಳ ಚುಚ್ಚುಮದ್ದಿನ ಮುಂದಿನ ತಾರೀಖು ಬಂದಾಗ ಆ ಹೆಣ್ಣುಮಗಳು ಕಬ್ಬಿನ ಗದ್ದೆಯಲ್ಲಿರುವಳು. ಆಶಾ ಕಾರ್ಯಕರ್ತೆಯ ಪುಸ್ತಕದಲ್ಲಿ 'ಊರಲ್ಲಿಲ್ಲ' ಎಂದು ಬರೆದರೆ ಲೆಕ್ಕ ಸರಿಹೋಗಬಹುದು, ಬಸಿರು ನಿಲ್ಲದಿರುವುದೇ?

ಆದುದರಿಂದ ಜಿಲ್ಲಾ ಆರೋಗ್ಯಾಧಿಕಾರಿಗಳಲ್ಲಿಯೂ ಜಿಲ್ಲಾ ಪಂಚಾಯತಿಯಲ್ಲಿಯೂ ನಮ್ಮ ವಿಜ್ಞಾಪನೆಯಿಷ್ಟು. ಗುಳೆ ಹೊರಡುವ ಮುನ್ನ ಈ ಮೂರು ತಾಲೂಕುಗಳ ಪ್ರತಿಯೊಂದು ತಾಂಡಾಕ್ಕೂ ದಾದಿಯರು ಹೋಗಿ ಎಳೆಗೂಸಿನ ತಾಯಂದಿರ ರಕ್ತ ಪರೀಕ್ಷಿಸಲಿ. ಇಚ್ಛಿಸಿದವರಿಗೆ ಮದ್ದು ನೀಡಿ, ಮುಂದಿನ ತಾರೀಖು ಬರೆದ ಚೀಟಿಯನ್ನು ಕೈಗೆ ಕೊಡಲಿ. ಕಡಿಯುವ ಕೂಲಿಗಳು ತಂಗುವ ಪ್ರದೇಶಗಳ ಸರಕಾರಿ ದವಾಖಾನೆಗಳು ಆ ಚೀಟಿಯನ್ನು ಮನ್ನಿಸುವಂತೆ ಮಹಾರಾಷ್ಟ್ರದ ಅಧಿಕಾರಿಗಳೊಡನೆ ಪತ್ರವ್ಯವಹಾರವಾಗಲಿ. ದಾದಿಯು ಸೊಸೆಯೊಬ್ಬಳನ್ನೇ ಒಳಗೆ ಕರೆದು ಪಿಸುಗುಟ್ಟಿ ಬರುವುದಲ್ಲ. ಅತ್ತೆಯನ್ನೂ ಮಗನನ್ನೂ ಕಟ್ಟೆಯ ಮೇಲೆ ಕುಳ್ಳಿರಿಸಿಕೊಂಡು ಮಾತನಾಡಲಿ. ಇದಕ್ಕೆ ಹೊಸ ಕಾನೂನು ಬೇಡ, ಹೊಸ ಕಟ್ಟಡವೂ ಬೇಡ. ಖಾಲಿಯಿರುವ ದಾದಿಯರ ಹುದ್ದೆಗಳನ್ನು ತುಂಬಿ, ಉಪಕೇಂದ್ರಗಳಲ್ಲಿ ಮದ್ದು ಮುಗಿಯದಂತೆ ನೋಡಿಕೊಂಡು, ದಸರೆಗೆ ಮೊದಲು ಕೆಲಸವನ್ನು ಆರಂಭಿಸಬೇಕು.