ಕೊಲೆ ಯಾವ ಊರಿನದು?



ಶನಿವಾರ ರಾತ್ರಿ ರೂಮಿನಲ್ಲಿ ನಾಲ್ಕು ಜನ ಸೇರಿ ಕೊಲೆ ಕತೆ ನೋಡುತ್ತೀರಿ. ಕೊರಿಯಾದ ಕೊಲೆ, ಸ್ಪೇನಿನ ದರೋಡೆ, ಕೇರಳದ ರಬ್ಬರ್ ತೋಟದ ಪಾತಕ. ನೋಡಿ, ಬೇಡವೆಂದವರು ಯಾರು? 2021ರ ಮಲಯಾಳಂ 'ಜೋಜಿ' ಶೇಕ್ಸ್‌ಪಿಯರನ ಮ್ಯಾಕ್‌ಬೆತ್‌ನನ್ನು ರಬ್ಬರ್ ತೋಟದ ಮನೆಯೊಳಗೆ ತಂದು ಕೂರಿಸಿದ್ದನ್ನು ಯಾರಾದರೂ ಮೆಚ್ಚಬೇಕು. ಆದರೆ ನೋಡಿ ಮುಗಿಸಿ ಆಕಳಿಸುತ್ತಾ "ಕನ್ನಡದಲ್ಲಿ ಅಂಥದ್ದು ಎಲ್ಲಿದೆ ಗುರೂ?" ಎನ್ನುತ್ತೀರಲ್ಲ, ನಮ್ಮ ತಕರಾರು ಶುರುವಾಗುವುದೇ ಅಲ್ಲಿಂದ.

ಇದೆ ಸ್ವಾಮಿ. ನೀವು ನೋಡಿಲ್ಲ, ಅಷ್ಟೇ.

ಒಂದು ಸುಲಭದ ಪರೀಕ್ಷೆ ಹೇಳುತ್ತೇವೆ. ಸಿನಿಮಾದಲ್ಲಿ ನಡೆದ ಕೊಲೆಯನ್ನು ಎತ್ತಿ ಬೇರೊಂದು ಊರಿನಲ್ಲಿಡಿ. ಆಗಲೂ ಕತೆ ಸಲೀಸಾಗಿ ನಡೆದರೆ, ಆ ಊರು ಹಿಂದೆ ಕಟ್ಟಿದ ಪರದೆ ಮಾತ್ರ. ಕತೆ ಮುರಿದು ಬಿದ್ದರೆ? ಆ ನಿರ್ದೇಶಕ ತನ್ನ ಜನರನ್ನು ಬಲ್ಲ. 2014ರ 'ಉಳಿದವರು ಕಂಡಂತೆ'ಯನ್ನು ಮಲ್ಪೆಯಿಂದ ಎತ್ತಿ ನೋಡಿ. ಕಡಲು, ಅಷ್ಟಮಿಯ ಹುಲಿವೇಷ, ಒಂದೇ ಘಟನೆಯನ್ನು ಐದು ಬಾಯಿ ಐದು ಥರ ಹೇಳುವ ಆ ಕರಾವಳಿ ಕನ್ನಡ, ಯಾವುದನ್ನು ಬಿಡುತ್ತೀರಿ? ಚಿತ್ರ ಬಂದಾಗ ಥಿಯೇಟರಿಗೆ ಹೋಗದೆ, ಆಮೇಲೆ ತಲೆಯ ಮೇಲೆ ಹೊತ್ತು ಮೆರೆಸಿದವರೂ ನಾವೇ! 2021ರ 'ಗರುಡ ಗಮನ ವೃಷಭ ವಾಹನ'ದಲ್ಲಿ ರಾಜ್ ಬಿ. ಶೆಟ್ಟಿಯ ಶಿವ ರಕ್ತ ಹರಿಸಿ ಹುಲಿಯಂತೆ ಕುಣಿಯುತ್ತಾನೆ. ಆ ಕುಣಿತ ಮಂಗಳಾದೇವಿಯ ಬೀದಿಯದು. ಹಿಂದೆ ಕೇಳುವ ಹಾಡು ಮಾತ್ರ ಮಾದಪ್ಪನ ಬೆಟ್ಟದ ಸೀಮೆಯ 'ಸೋಜುಗಾದ ಸೂಜು ಮಲ್ಲಿಗೆ'. ನಾಡಿನ ಎರಡು ತುದಿಗಳು ಒಂದು ಕೊಲೆಯ ಬಳಿ ಹೀಗೆ ಸಂಧಿಸಿದ್ದು ನಮಗೆ ಇವತ್ತಿಗೂ ಮೈ ಜುಮ್ಮೆನ್ನಿಸುತ್ತದೆ.

ಬೆಂಗಳೂರಿನದು ಬೇಕೇ? ಅಗ್ನಿ ಶ್ರೀಧರ್ ಪುಸ್ತಕದಿಂದ ಹುಟ್ಟಿ, ಕೆ.ಎಂ. ಚೈತನ್ಯ ನಿರ್ದೇಶಿಸಿದ 'ಆ ದಿನಗಳು' (2007) ನೋಡಿ. ಮಲೆನಾಡಿನದು 2024ರ 'ಶಾಖಾಹಾರಿ'. ಸಸ್ಯಾಹಾರಿ ಹೋಟೆಲು ನಡೆಸುವ ರಂಗಾಯಣ ರಘು ಏನು ಮಾಡುತ್ತಾನೆಂದು ಇಲ್ಲಿ ಹೇಳಿದರೆ ನಿಮ್ಮ ಊಟ ಕೆಡುತ್ತದೆ. ಹಳೆಯದೆಂದು ಮೂಗು ಮುರಿಯದವರಿಗೆ ಗಿರೀಶ ಕಾರ್ನಾಡರ 'ಕಾಡು' (1973): ಎರಡು ಹಳ್ಳಿಗಳ ಹಗೆ, ಗೌಡನ ಕಳ್ಳಸಂಬಂಧ, ಎಲ್ಲವನ್ನೂ ಕಣ್ಣರಳಿಸಿ ನೋಡುವ ಒಬ್ಬ ಹುಡುಗ. ಅದರಲ್ಲಿ ನಂದಿನಿ ಭಕ್ತವತ್ಸಲ ಅವರಿಗೆ ರಾಷ್ಟ್ರಪ್ರಶಸ್ತಿ ಬಂದಿತ್ತು.

ಕರಾವಳಿ ಆಯಿತು, ಮಲೆನಾಡು, ಮೈಸೂರು, ಬೆಂಗಳೂರು ಆಯಿತು. ಈಗ ಹೇಳಿ, ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯ ಮಾತಿನಲ್ಲಿ ಮೊದಲಿನಿಂದ ಕೊನೆಯವರೆಗೆ ನಡೆಯುವ ಒಂದು ಕೊಲೆ ಚಿತ್ರದ ಹೆಸರು? ಗೋಕಾಕ ಎಂದೊಡನೆ ನಿಮಗೆ 1982ರ ಚಳವಳಿ ನೆನಪಾಗುತ್ತದೆ. ಅದು ಊರಿನ ಹೆಸರಲ್ಲ ಮಾರಾಯರೇ, ವರದಿ ಕೊಟ್ಟ ವಿ.ಕೃ. ಗೋಕಾಕರ ಹೆಸರು. ಅವರು ಹುಟ್ಟಿದ್ದು ಸವಣೂರಿನಲ್ಲಿ. ಊರಾಗಿ ಗೋಕಾಕ ನಿಮಗೆ ಗೊತ್ತಿರುವುದು ಜಲಪಾತದಿಂದ, ಕರದಂಟಿನಿಂದ. ಅಲ್ಲಿಯ ಮಾತು ಗೊತ್ತಿರುವುದು ಹಾಸ್ಯನಟನ ಬಾಯಿಂದ! "ಏನಪಾ, ಹೆಂಗದಿ?" ಎಂದರೆ ಸಾಕು, ಥಿಯೇಟರು ನಗುತ್ತದೆ. ಆ ಮಾತಿನಲ್ಲಿ ಒಬ್ಬ ಅಳಬಹುದು, ಒಬ್ಬ ಕೊಲ್ಲಬಹುದು ಎಂಬುದು ಗಾಂಧಿನಗರಕ್ಕೆ ಹೊಳೆಯುವುದೇ ಅಪರೂಪ.

ವಿಚಿತ್ರ ನೋಡಿ, ಕನ್ನಡದ ಅತಿ ಗಟ್ಟಿ ಕೊಲೆ ಕತೆ ಹುಟ್ಟಿದ್ದೇ ಆ ಜಿಲ್ಲೆಯಲ್ಲಿ. ಬೈಲಹೊಂಗಲದಲ್ಲಿ ನಿಜಕ್ಕೂ ನಡೆದ ಒಂದು ಕೊಲೆಯನ್ನು ಪತ್ತಾರ ಮಾಸ್ತರರು ಸಣ್ಣಾಟವಾಗಿ ಕಟ್ಟಿದರು. ಅದೇ 'ಸಂಗ್ಯಾ ಬಾಳ್ಯಾ'. ಸಂಗ್ಯಾನಿಗೆ ಪರರ ಹೆಂಡತಿ ಗಂಗಿಯ ಮೇಲೆ ಕಣ್ಣು. ನಡುವೆ ಓಡಾಡಲು ಪರಮ್ಮ ಎಂಬ ಮುದುಕಿ. ಗಂಡ ವ್ಯಾಪಾರಕ್ಕೆಂದು ಊರು ಬಿಟ್ಟಿದ್ದಾನೆ. ಕೊನೆಗೆ ಕೈಕೊಡುವವನು ಜೀವದ ಗೆಳೆಯ ಬಾಳ್ಯಾ. ಯಾರು ಕೊಂದರೆಂಬ ಗುಟ್ಟು ಇಲ್ಲಿಲ್ಲ. ಬಯಲಲ್ಲಿ ಕೂತ ಪ್ರತಿಯೊಬ್ಬನಿಗೂ ಅಂತ್ಯ ಗೊತ್ತು. ಆದರೂ ಬೆಳಗಾಗುವ ತನಕ ಏಳುವುದಿಲ್ಲ! ಹುಕ್ಕೇರಿ ತಾಲ್ಲೂಕಿನ ಘೋಡಗೇರಿಯಲ್ಲಿ ಹುಟ್ಟಿ, 2010ನೇ ಸಾಲಿನ ಜ್ಞಾನಪೀಠ ಪಡೆದ ಚಂದ್ರಶೇಖರ ಕಂಬಾರರು ಈ ಆಟವನ್ನು ಸಂಪಾದಿಸಿ ಪುಸ್ತಕವಾಗಿಸಿದರು. ಅವರ 'ಜೋಕುಮಾರಸ್ವಾಮಿ' ನಾಟಕದ ಕೊನೆಯಲ್ಲೂ ಬಸಣ್ಣನ ಕೊಲೆ. ಹೊಲ ಯಾರದು, ಹೆಣ್ಣು ಯಾರವಳು ಎಂಬ ಎರಡೂ ಜಗಳ ಅಲ್ಲಿ ಒಂದಾಗಿ ಬಿಡುತ್ತವೆ.

ಆ ಸೀಮೆಯ ಕನ್ನಡದಲ್ಲಿ ಕೊಲೆ ಕತೆಗೆ ಎಂಥ ಸರಕಿದೆ ಗೊತ್ತೇ? ಮೂಡಲಗಿ ಪಕ್ಕದ ನಾಗನೂರಿಗೆ ಹೋಗಿ ಒಂದು ಚಾದಂಗಡಿಯಲ್ಲಿ ಕೂತು ಕಿವಿಗೊಡಿ. "ರಿ" ಎಂಬ ಒಂದೇ ಅಕ್ಷರ ಹೇಗೆ ಬರುತ್ತದೆ, ಎಲ್ಲಿ ಬಿಡುತ್ತದೆ ಗಮನಿಸಿ. "ಸಾವ್ಕಾರ್ರು ನಿನ್ನಿ ಬಂದಿದ್ರ್ರಿ" ಎನ್ನುವವನು ಒಬ್ಬ. ಅದೇ ಸಾವ್ಕಾರನ ಬಗ್ಗೆ ಅದೇ ಮನುಷ್ಯ, ಪೊಲೀಸರ ಮುಂದೆ, ಬಾಯಿ ತಪ್ಪಿ "ಅಂವ ಬಂದಿದ್ದ" ಎಂದುಬಿಟ್ಟರೆ? ಹತ್ತು ವರ್ಷದ ಸಿಟ್ಟು ಹೊರಬಿತ್ತು. ಸುಳಿವು ಸಿಕ್ಕಿತು! ಬೆರಳಚ್ಚು ಬೇಡ, ಸಿಸಿಟಿವಿ ಬೇಡ. ಆದರೆ ಆ ಸುಳಿವನ್ನು ಹಿಡಿಯಬೇಕಾದ ಇನ್ಸ್‌ಪೆಕ್ಟರಿಗೂ, ಬರೆಯಬೇಕಾದ ಸಂಭಾಷಣೆಕಾರನಿಗೂ ಆ ಮಾತು ಗೊತ್ತಿರಬೇಕಲ್ಲ! ಸ್ಕ್ರಿಪ್ಟನ್ನು ಬೆಂಗಳೂರಿನಲ್ಲಿ ಬರೆದು, ಕೊನೆಗೆ ಪ್ರತಿ ಸಾಲಿಗೂ "ರಿ" ಅಂಟಿಸಿದರೆ ಈ ಸುಳಿವು ಸತ್ತುಹೋಗುತ್ತದೆ. ಎಲ್ಲರೂ ಎಲ್ಲರಿಗೂ ರಿ ಅಂದರೆ ಯಾರಿಗೆ ಯಾರ ಮೇಲೆ ಸಿಟ್ಟು ಅಂತ ತಿಳಿಯುವುದು ಹೇಗೆ?

ಇನ್ನು ಕಬ್ಬು. ಬೆಳೆದು ನಿಂತರೆ ಆಳು ಮುಳುಗುವ ಕಬ್ಬು. ಒಳಗೆ ಹೋದವನು ಹೊರಗೆ ಕಾಣುವುದಿಲ್ಲ. ಘಟಪ್ರಭೆಯ ಕಾಲುವೆ, ನೀರಿನ ಪಾಳಿ, ರಾತ್ರಿ ಕರೆಂಟು ಬಂದಾಗ ಪಂಪ್‌ಸೆಟ್ಟಿಗೆ ಒಂಟಿಯಾಗಿ ನಡೆಯುವ ರೈತ, ಮುಂಗಡ ಪಡೆದ ಕಬ್ಬು ಕಡಿಯುವ ಗ್ಯಾಂಗು, ಕಾರ್ಖಾನೆಯಿಂದ ಬರಬೇಕಾದ ಬಾಕಿ. ಇವುಗಳಲ್ಲಿ ಯಾವುದರಿಂದ ಕೊಲೆ ಹುಟ್ಟಬಾರದು? ಇದನ್ನು ಎತ್ತಿ ಮಲ್ಪೆಗೆ ಕೊಂಡೊಯ್ಯಿರಿ ನೋಡೋಣ!

ನಮ್ಮವರು ಮಾಡುವುದೇನು? ಪಕ್ಕದ ಸೊಲ್ಲಾಪುರ ಜಿಲ್ಲೆಯ ಕರಮಾಳ ಸೀಮೆಯವನಾದ ನಾಗರಾಜ ಮಂಜುಳೆ 2016ರಲ್ಲಿ 'ಸೈರಾಟ್' ಮಾಡಿದ. ಜಾತಿ ಮೀರಿದ ಪ್ರೀತಿ, ಕೊನೆಗೆ ಮನೆಯವರ ಕೈಯಲ್ಲೇ ಕೊಲೆ. ಸೊಲ್ಲಾಪುರದಲ್ಲಿ ಕನ್ನಡ ಮಾತಾಡುವವರೇನು ಕಡಿಮೆಯೇ? ಗಡಿ ದಾಟಿ ಇತ್ತ ಬಂದರೆ ಅದೇ ಕಬ್ಬು, ಅದೇ ಜಾತಿ, ಅದೇ ಸಿಟ್ಟು. ಮರು ವರ್ಷ ಅದು 'ಮನಸು ಮಲ್ಲಿಗೆ' ಎಂದು ಕನ್ನಡಕ್ಕೆ ಬಂತು, ನಾಯಕಿಯೂ ಅದೇ ರಿಂಕು ರಾಜಗುರು. ಕತೆ ಬಂತು, ಹಾಡಿನ ರಾಗ ಬಂತು. ಮಣ್ಣು ಗಡಿಯಾಚೆಯೇ ಉಳಿಯಿತು ಎಂಬುದು ನಮ್ಮ ಅಭಿಪ್ರಾಯ. ಕೊಂಡು ತಂದ ಕೊಲೆಗೆ ಹಕ್ಕಿನ ಹಣ ಕೊಡಬೇಕು, ಬೈಲಹೊಂಗಲದ್ದು ಬಿಟ್ಟಿಯಾಗಿ ಬಯಲಲ್ಲಿ ಬಿದ್ದಿದೆ.

ಈ ಶನಿವಾರ 'ಉಳಿದವರು ಕಂಡಂತೆ'ಯಿಂದ ಶುರುಮಾಡಿ. ಮುಂದಿನ ವಾರ 'ಶಾಖಾಹಾರಿ'. ನಿಮ್ಮ ಪೀಜಿಯಲ್ಲಿ ಗೋಕಾಕ ಕಡೆಯ ಹುಡುಗನೊಬ್ಬ ಇದ್ದೇ ಇರುತ್ತಾನೆ, ಮಾತಾಡಿದರೆ ನೀವು ನಗುತ್ತೀರೆಂದು ಬೆಂಗಳೂರು ಕನ್ನಡ ಕಲಿತವನು. ಅವನನ್ನೂ ಕೂರಿಸಿಕೊಳ್ಳಿ. ಸಿನಿಮಾ ಮುಗಿದ ಮೇಲೆ, ಅವನ ಊರಿನಲ್ಲಿ ಸಂಗ್ಯಾ ಬಾಳ್ಯಾ ಆಟ ಹೇಗೆ ಮುಗಿಯುತ್ತದೆಂದು ಕೇಳಿ. ಅವನ ಮಾತಿನಲ್ಲೇ ಹೇಳಲಿ.