ಗಂಡಸಿನ ಮರ್ಯಾದೆ ಮತ್ತು ಅಡುಗೆಮನೆಯ ಹೊಸ್ತಿಲು

ಫಲ್ಗುಣಿ ನದಿಯ ದಂಡೆಯಲ್ಲಿರುವ ವೇಣೂರು ನಾಡಿಗೆ ಪರಿಚಿತವಾಗಿರುವುದು 1604ರಲ್ಲಿ ಅಜಿಲ ಅರಸ ತಿಮ್ಮಣ್ಣನು ಪ್ರತಿಷ್ಠಾಪಿಸಿದ ಬಾಹುಬಲಿ ಮೂರ್ತಿಯಿಂದ. ಆದರೆ ನಾವಿಂದು ಬರೆಯಹೊರಟಿರುವುದು ಆ ಊರಿನ ಒಂದು ಸಾಧಾರಣ ಅಡುಗೆಮನೆಯ ಕುರಿತು.

ಕೊಲ್ಲಿಯಲ್ಲಿ ಹಲವು ವರ್ಷ ದುಡಿದು, ಕೆಲಸ ಕಳೆದುಕೊಂಡು ಮರಳಿದ ಸಹೋದರರೊಬ್ಬರು ಅಲ್ಲಿದ್ದಾರೆ. ಪತ್ನಿ ಶಿಕ್ಷಕಿ. ಬೆಳಗ್ಗೆ ಬಸ್ಸು ಹತ್ತಿದರೆ ಮರಳುವುದು ಸಂಜೆಗೆ. ಸಣ್ಣ ಮಕ್ಕಳಿಬ್ಬರನ್ನು ನೋಡಿಕೊಳ್ಳಲು ಪತಿ ಮನೆಯಲ್ಲಿರುವುದೆಂದು ದಂಪತಿಗಳು ತೀರ್ಮಾನಿಸಿದರು. ಈ ಸಹೋದರರು ಭೋಜನಪ್ರಿಯರು. ಯಾವ ಮದುವೆಯ ಬಿರಿಯಾನಿಗೆ ದಮ್ಮು ಸಾಲದಾಯಿತೆಂದು ಮೊದಲ ತುತ್ತಿಗೇ ಹೇಳಬಲ್ಲವರು. ಆದರೆ ಒಲೆಯ ಮುಂದೆ ನಿಂತಾಗ ನಾಲಗೆಯ ಪಾಂಡಿತ್ಯ ಕೈಗೆ ಬರಲಿಲ್ಲ. ಕುಚ್ಚಲಕ್ಕಿ ತಳ ಹಿಡಿಯಿತು. ಬಂಗುಡೆ ಸಾರಿನಲ್ಲಿ ಮೀನು ಪುಡಿಯಾಯಿತು. ಮೀನು ಹಾಕಿದ ಮೇಲೆ ಸೌಟು ಆಡಿಸಬಾರದು, ಪಾತ್ರೆಯನ್ನೇ ಹಿಡಿದು ಮೆಲ್ಲನೆ ಅಲುಗಾಡಿಸಬೇಕೆಂದು ಉಮ್ಮ ಹೇಳಿಕೊಟ್ಟ ಮೇಲೆಯೇ ಸಾರು ಸಾರಾಯಿತು.

ಅವರನ್ನು ನಿಜವಾಗಿ ಬದಲಾಯಿಸಿದ್ದು ಪಿಂಡಿ. ಅಕ್ಕಿಹಿಟ್ಟನ್ನು ಬಿಸಿನೀರಿನಲ್ಲಿ ಹದವಾಗಿ ಕಲಸಿ, ಪುಟ್ಟ ಪುಟ್ಟ ಉಂಡೆ ಕಟ್ಟಿ, ಬೇಯಿಸಿ, ಮಾಂಸದ ಮಸಾಲೆಗೆ ಹಾಕುವ ಈ ತಿಂಡಿ ಬ್ಯಾರಿ ಮನೆಗಳ ಹೆಮ್ಮೆ. ಉಂಡೆ ಕಟ್ಟುತ್ತಾ ಕುಳಿತರೆ ಹಿಟ್ಟು ಮುಗಿಯಲೊಲ್ಲದು, ಬೆನ್ನು ನೆಟ್ಟಗಾಗಲೊಲ್ಲದು. "ಹತ್ತು ನಿಮಿಷದಲ್ಲಿ ತಿಂದು ಮುಗಿಸಿ, ಉಪ್ಪು ಕಡಿಮೆಯೆಂದು ಎದ್ದು ಹೋಗುತ್ತಿದ್ದೆ. ಉಮ್ಮ ಎಷ್ಟು ಹೊತ್ತು ಕುಳಿತಿರುತ್ತಿದ್ದರೆಂದು ಒಮ್ಮೆಯೂ ಕೇಳಿರಲಿಲ್ಲ" ಎಂದು ಅವರು ನಮ್ಮೊಡನೆ ಹೇಳಿಕೊಂಡರು. ಊಟದ ಪ್ರೀತಿ ಅಡುಗೆ ಮಾಡಿದವರ ಮೇಲಿನ ಕೃತಜ್ಞತೆಯಾಗಿ ಮಾರ್ಪಟ್ಟದ್ದು ಅಲ್ಲಿ.

ಆದರೆ ಊರು ಬಿಡುವುದೇ? ಜುಮಾ ಮುಗಿಸಿ ಮಸೀದಿಯ ಅಂಗಳಕ್ಕಿಳಿದರೆ "ಇವತ್ತೇನು ಅಡುಗೆ?" ಎಂಬ ಪ್ರಶ್ನೆ, ಹಿಂದೆಯೇ ನಗು. ಈಗ ಅವರು ಯಾರ ಕಣ್ಣಿಗೂ ಬೀಳದ ಹೊತ್ತು ನೋಡಿ ಮೀನು ತರುತ್ತಾರಂತೆ. ನಮ್ಮನ್ನು ನೋಯಿಸಿದ್ದು ಈ ಮಾತು. ಬಡ್ಡಿಯ ಹಣದಲ್ಲಿ ಮಹಡಿ ಕಟ್ಟಿದವನು ತಲೆಯೆತ್ತಿ ನಡೆಯುವ ಸಮುದಾಯದಲ್ಲಿ, ಮಕ್ಕಳಿಗೆ ಹಲಾಲಾದ ಅನ್ನ ಬೇಯಿಸಿದವನು ತಲೆತಗ್ಗಿಸಬೇಕೇ?

ವಿಚಿತ್ರವೆಂದರೆ, ಗಂಡಸು ಅಡುಗೆ ಮಾಡುವುದು ನಮಗೆ ಹೊಸತೇನಲ್ಲ. ಮದುವೆಯ ಮನೆಯಲ್ಲಿ ಸಾವಿರ ಮಂದಿಗೆ ಬಿರಿಯಾನಿ ಬೇಯಿಸುವವರು ಗಂಡಸರೇ. ಗಲ್ಫಿನ ಕೋಣೆಗಳಲ್ಲಿ ಸರದಿಯಂತೆ ಸೌಟು ಹಿಡಿದವರೂ ಅವರೇ. ಕನ್ನಡದಲ್ಲಿ 'ಸೂಪಶಾಸ್ತ್ರ'ವೆಂಬ ಪಾಕಗ್ರಂಥ ಬರೆದವನು ಮೂರನೆಯ ಮಂಗರಸನೆಂಬ ಅರಸುಮನೆತನದ ಕವಿ. ನಳಪಾಕ, ಭೀಮಪಾಕ ಎಂದು ಹೊಗಳುವ ನಾಲಗೆಯೂ ನಮ್ಮದೇ. ಕೂಲಿಗೆ ಬೇಯಿಸಿದರೆ ಕಸುಬು, ಕೀರ್ತಿಗೆ ಬೇಯಿಸಿದರೆ ಕಲೆ, ಸ್ವಂತ ಮಡದಿ ಮಕ್ಕಳಿಗೆ ಬೇಯಿಸಿದರೆ ಮಾತ್ರ ಅವಮಾನ! ಇದು ಯಾವ ನ್ಯಾಯ?

ಧರ್ಮದ ಹೆಸರು ಹೇಳಿ ನಗುವವರೂ ಇದ್ದಾರೆ. ಪ್ರವಾದಿ(ಸ)ರು ಮನೆಯಲ್ಲಿ ಏನು ಮಾಡುತ್ತಿದ್ದರೆಂದು ಕೇಳಿದಾಗ, ಮನೆಯವರ ಸೇವೆಯಲ್ಲಿರುತ್ತಿದ್ದರು, ನಮಾಝಿನ ಹೊತ್ತಾದಾಗ ಹೊರಡುತ್ತಿದ್ದರು ಎಂದು ಹ. ಆಯಿಶಾ(ರ) ತಿಳಿಸಿದ್ದು ಬುಖಾರಿಯಲ್ಲಿದೆ. ಅವರು ಆಹಾರವನ್ನು ಎಂದೂ ಹಳಿದವರಲ್ಲ. ಇಷ್ಟವಾದರೆ ಉಣ್ಣುತ್ತಿದ್ದರು, ಇಲ್ಲವಾದರೆ ಬಿಡುತ್ತಿದ್ದರು. ಉಪ್ಪು ಸಾಲದೆಂದು ತಟ್ಟೆ ತಳ್ಳುವ ನಾವು ಯಾರ ಸುನ್ನತ್ತನ್ನು ಅನುಸರಿಸುತ್ತಿದ್ದೇವೆ?

ಹ. ಫಾತಿಮಾ(ರ) ಸ್ವತಃ ಬೀಸುಕಲ್ಲು ಬೀಸಿದರಲ್ಲವೇ ಎಂದು ಕೇಳುವವರಿದ್ದಾರೆ. ಹೌದು, ಬೀಸಿದರು. ಆದರೆ ಬೀಸಿ ಬೀಸಿ ಅವರ ಕೈಗಳು ನೊಂದಿದ್ದವೆಂಬುದನ್ನೂ, ಆ ನೋವು ತಿಳಿದು ಪ್ರವಾದಿ(ಸ)ರು ರಾತ್ರಿಯಲ್ಲೇ ಮಗಳ ಮನೆಗೆ ಬಂದರೆಂಬುದನ್ನೂ ಅದೇ ವರದಿ ಹೇಳುತ್ತದೆ. ಸಂಸಾರದ ಖರ್ಚು ಗಂಡನ ಹೊಣೆಯೆಂಬುದರಲ್ಲಿ ನಮಗೆ ಭಿನ್ನಾಭಿಪ್ರಾಯವಿಲ್ಲ. ಆದರೆ ಆ ಹೊಣೆ ಎಲ್ಲಿಯವರೆಗೆ? ಕರಾವಳಿಯ ನಾವು ಅನುಸರಿಸುವ ಶಾಫಿಈ ಮದ್‌ಹಬಿನಲ್ಲಿ ಇಮಾಮ್ ನವವಿಯವರ 'ಮಿನ್‌ಹಾಜ್' ಪ್ರಮುಖ ಗ್ರಂಥ. ಪತ್ನಿಗೆ ಧಾನ್ಯ ಕೊಟ್ಟರೆ ಸಾಲದು, ಅದನ್ನು ಬೀಸುವ, ರೊಟ್ಟಿ ಮಾಡುವ ವ್ಯವಸ್ಥೆಯೂ ಪತಿಯದೇ ಎಂಬ ಅಭಿಪ್ರಾಯಕ್ಕೆ ಅದು ಪ್ರಾಶಸ್ತ್ಯ ನೀಡಿದೆ. ಹಾಗಿದ್ದರೆ ನಮ್ಮ ಮನೆಗಳ ಹೆಂಗಸರು ಮಾಡುತ್ತಿರುವುದು ದೊಡ್ಡ ಉಪಕಾರ. ಅದನ್ನು ನಾವು ಹಕ್ಕೆಂದು ವಸೂಲು ಮಾಡುತ್ತಿದ್ದೇವೆ.

ಇದು ನಮ್ಮ ಸಮುದಾಯವೊಂದರ ರೋಗವೂ ಅಲ್ಲ. 2019ರ ಕೇಂದ್ರ ಸರಕಾರದ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದ ಮಹಿಳೆ ದಿನಕ್ಕೆ ಸರಾಸರಿ 299 ನಿಮಿಷ ದುಡಿದರೆ ಪುರುಷ 97 ನಿಮಿಷ. ಆ ದಿನ ಇಂತಹ ಕೆಲಸಕ್ಕೆ ಕೈಹಾಕಿದ ಪುರುಷರೇ ನೂರರಲ್ಲಿ 26 ಮಂದಿ.

ರಮಝಾನಿನಲ್ಲಿ ಈ ಅಂತರ ಇನ್ನೂ ಸ್ಪಷ್ಟವಾಗುತ್ತದೆ. ಉಪವಾಸ ಇಬ್ಬರಿಗೂ ಒಂದೇ. ಆದರೆ ಸಹರಿಗೆ ಮೊದಲು ಏಳುವವಳೂ, ಅಸರಿನಿಂದ ಮಗ್ರಿಬಿನವರೆಗೆ ಎಣ್ಣೆಯ ಬಾಣಲೆಯ ಮುಂದೆ ನಿಲ್ಲುವವಳೂ ಅವಳೇ. ನಾವು ಇಫ್ತಾರಿನ ಬಗೆಬಗೆಯ ತಿಂಡಿಗಳನ್ನು ಎಣಿಸುತ್ತಿರುವಾಗ ಅವಳಿಗೆ ಕುರ್‌ಆನಿನ ಒಂದು ಪುಟ ಓದಲು ಸಮಯ ಸಿಕ್ಕಿತೇ ಎಂದು ಎಷ್ಟು ಮಂದಿ ವಿಚಾರಿಸಿದ್ದೇವೆ?

ಎಲ್ಲ ಗಂಡಸರೂ ಉದ್ಯೋಗ ಬಿಟ್ಟು ಒಲೆಯ ಮುಂದೆ ಕೂರಬೇಕೆಂದು ನಾವು ಹೇಳುತ್ತಿಲ್ಲ. ಆದರೆ ಗಂಜಿ ಬೇಯಿಸಲು, ಒಂದು ಸಾರು ಮಾಡಲು, ತಿಂದ ತಟ್ಟೆ ತೊಳೆಯಲು ಪ್ರತಿಯೊಬ್ಬ ಗಂಡುಮಗನಿಗೂ ಬರಬೇಕು. ತಾಯಿ ಜ್ವರದಲ್ಲಿ ಮಲಗಿದ ದಿನ ಹೋಟೆಲಿನ ಪೊಟ್ಟಣ ಹುಡುಕುವ ಮಗನನ್ನು ಬೆಳೆಸಿದ್ದು ನಾವೇ. ಇದನ್ನು ಬರೆಯುವ ನಮಗೂ ಅನ್ನದ ಹದ ತಿಳಿದದ್ದು ತಡವಾಗಿಯೇ ಎಂದು ಒಪ್ಪಿಕೊಳ್ಳಲು ಸಂಕೋಚವಿಲ್ಲ.

ವೇಣೂರಿನ ಆ ಸಹೋದರರು ಹಾಡಹಗಲಿನಲ್ಲಿ ಮೀನಿನ ಚೀಲ ಹಿಡಿದು ಮಸೀದಿಯ ಮುಂದೆ ನಡೆದುಹೋಗುವಂತಾಗಬೇಕು. ಅದಕ್ಕೆ ಬದಲಾಗಬೇಕಾದವರು ಅವರಲ್ಲ, ಅಂಗಳದಲ್ಲಿ ನಿಂತು ನಗುವ ನಾವು.