ಇಎನ್8 ಅಂದ್ರೆ 8.8 ಅಲ್ಲ ಸ್ವಾಮೀ!

ಹೋದ ಭಾನುವಾರ ಬಾಗೂರಿಗೆ ಹೋಗಿದ್ದೆ. ಏರು ಹತ್ತುವಾಗ ನಮ್ಮ ಟ್ರೇಲರಿನ ಕೊಂಡಿ ಬೋಲ್ಟು ಕಟ್ಟಾಗಿ, ತೆಂಗಿನಕಾಯಿ ಲೋಡು ಸಮೇತ ಹಿಂದಕ್ಕೆ ಜಾರಿ ಬೇಲಿಗೆ ಗುದ್ದಿ ನಿಂತಿತ್ತು. ಹಿಂದೆ ಯಾರೂ ಇರಲಿಲ್ಲ, ಪುಣ್ಯ. "ಹೊಸಾ ಬೋಲ್ಟು ಕಣೋ, ಗಟ್ಟಿದು ಅಂತಾನೇ ಕೊಟ್ಟಿದ್ದು" ಅಂದ್ರು ಅಪ್ಪ. ಮುರಿದ ತುಂಡು ನೋಡಿದೆ. ತಲೆ ಮೇಲೆ ಒಂದು ಅಂಕಿಯೂ ಇಲ್ಲ!

ಅಂಗಡಿಯಲ್ಲಿ ಕೇಳಿದ್ರೆ, "ಇಎನ್8 ರಾಡಿಂದ ಲೇತಲ್ಲಿ ಮಾಡ್ಸಿದ್ದು ಸಾರ್. ಇಎನ್8 ಅಂದ್ರೂ 8.8 ಅಂದ್ರೂ ಒಂದೇ."

ಒಂದೇ ಅಲ್ಲ ಸ್ವಾಮಿ. ಇಎನ್8 ಅನ್ನೋದು ಎರಡನೇ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷರು ಉಕ್ಕುಗಳಿಗೆ ಕೊಟ್ಟ ಕ್ರಮಸಂಖ್ಯೆ. ಅಲ್ಲಿನ 8ಕ್ಕೂ ಬಲಕ್ಕೂ ಸಂಬಂಧವಿಲ್ಲ. ಅದೇ ಉಕ್ಕಿಗೆ ಹತ್ತಿರದ ನಮ್ಮ ಬಿಐಎಸ್ ಹೆಸರು 40ಸಿ8: ಕಾರ್ಬನ್ ಸುಮಾರು ಶೇ. 0.40, ಮ್ಯಾಂಗನೀಸ್ ಸುಮಾರು ಶೇ. 0.8. ಇದು ಇನ್ನೊಂದು 8! ಇವೆರಡೂ ಉಕ್ಕಿನ ಹೆಸರು, ಬೋಲ್ಟಿನದ್ದಲ್ಲ.

8.8 ಅನ್ನೋದು ತಯಾರಾದ ಬೋಲ್ಟಿನ ಬಲ. ಮೊದಲ 8 ಅಂದ್ರೆ ಚದರ ಮಿಲಿಮೀಟರಿಗೆ 800 ನ್ಯೂಟನ್, ಅಂದಾಜು 80 ಕೆಜಿ ಎಳೆತ ತಡೆಯುತ್ತೆ. ಚುಕ್ಕಿ ನಂತರದ 8 ಅಂದ್ರೆ ಅದರ ಶೇ. 80ರವರೆಗೆ, 640ರ ತನಕ, ಹಿಗ್ಗಿ ಕೂರಲ್ಲ. ಮಾಮೂಲಿ 4.6 ಬೋಲ್ಟಿಗೆ ಇವು 400 ಮತ್ತು 240. ಇಎನ್8 ರಾಡನ್ನು ಬರೀ ಮರೆ ಕೊರೆದ್ರೆ 8.8 ಆಗಲ್ಲ, ಕಾಯಿಸಿ, ಅದ್ದಿ, ಹದ ಮಾಡಬೇಕು. ಕುಡುಗೋಲು ಮಾಡೋ ಕುಲುಮೆಯವರಿಗೆ ಗೊತ್ತಿರೋ ಈ ಮಾತು ಬೋಲ್ಟು ಮಾರೋರಿಗೆ ಬೇಡವೇ?

"ಹಳ್ಳಿಯವ್ರು ಅದೆಲ್ಲಾ ಕೇಳಲ್ಲ ಸಾರ್" ಅಂದ್ರು. ಕೇಳೋಕೆ ಗೊತ್ತಿದ್ರೆ ತಾನೇ? ಬಿಲ್ಲಿನಲ್ಲಿ ಸೈಜು, ರೇಟು ಇತ್ತು, ಗ್ರೇಡ್ ಇರಲಿಲ್ಲ. ನನ್ನ ತಪ್ಪೂ ಇದೆ. ಮೆಕ್ಯಾನಿಕಲ್ ಓದಿ ಸಾಫ್ಟ್‌ವೇರ್ ಸೇರಿದವನು, ಪರೀಕ್ಷೆಗೆ ಬಾಯಿಪಾಠ ಮಾಡಿದ್ದನ್ನ ಅಪ್ಪನಿಗೆ ಒಮ್ಮೆಯೂ ಹೇಳಿರಲಿಲ್ಲ.

ಹಾಗಂತ ಎಲ್ಲಕ್ಕೂ 10.9 ಜಡೀಬೇಡಿ. ಕೆಲವು ಯಂತ್ರಗಳಲ್ಲಿ ಗೇರ್‌ಬಾಕ್ಸ್ ಉಳಿಸೋಕೆ ಅಂತಲೇ ಮೊದಲು ಮುರಿಯೋ ಬೋಲ್ಟ್ ಇರುತ್ತೆ. ಅಲ್ಲಿ ಗಟ್ಟಿದು ಹಾಕಿದ್ರೆ ಗೇರೇ ಹೋಗುತ್ತೆ. ಕಂಪನಿ ಪುಸ್ತಕದಲ್ಲಿ ಹೇಳಿದ ಗ್ರೇಡೇ ಬೇಕು.

ನಾನು ಕೇಳೋದು ಇಷ್ಟೇ: ತಲೆ ಮೇಲೆ 8.8 ಮತ್ತು ತಯಾರಕರ ಗುರುತು ಎರಡೂ ಇರಲಿ, ಬಿಲ್ಲಿನಲ್ಲೂ ಗ್ರೇಡ್ ಬರೀಲಿ. ಬರೆಯದಿದ್ರೆ ತಗೋಬೇಡಿ. ನೀವೂ ಊರಿಗೆ ಹೋದಾಗ ಲ್ಯಾಪ್‌ಟಾಪ್ ಮುಚ್ಚಿಟ್ಟು ಟ್ರೇಲರಿನ ಬೋಲ್ಟಿನ ತಲೆ ಒಮ್ಮೆ ನೋಡಿ. ಎಲ್ಲಾ ಏರಿನ ಪಕ್ಕದಲ್ಲೂ ಬೇಲಿ ಇರಲ್ಲ...